ಕೌಲಿಯ ಕಿವಿಯ ಹುಳ

ದೊಡ್ಡಕಾವಲು,
ಫೆಬ್ರವರಿ 30, 2191

ನಮಗಿಂತ ಮುಂಚೆ ಬಾಳಿದವರೇ,

ತಾರೀಖು ತಪ್ಪಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತು ನಿಮಗೆ ಹೊಸದೆನಿಸಿದರೆ ಮನ್ನಿಸಿ. ನಾನು ಓಬಕ್ಕ, ದನ ಸಾಕುವವಳು.

ನನ್ನ ಮುತ್ತಜ್ಜಿಯ ಕಾಲದಿಂದ ನಮ್ಮ ದನಗಳು ಮುಚ್ಚುಕೊಟ್ಟಿಗೆಯಲ್ಲೇ ಹುಟ್ಟಿ ಅಲ್ಲೇ ಸತ್ತವು. ಗಾಳಿಯನ್ನೂ ಸೋಸಿ ಒಳಗೆ ಬಿಡುವ ಕಟ್ಟಡ ಅದು. ದನದ ಮೈಮೇಲೆ ಒಂದು ಉಣ್ಣೆಹುಳ ಕಂಡರೂ ಮನೆಯವರ ಮರ್ಯಾದೆ ಹೋಗುತ್ತಿತ್ತು. ಹೋದ ವರ್ಷ ಯಂತ್ರಗಳು ಕೆಟ್ಟು ನಿಂತವು. ರಿಪೇರಿ ಆಗಲಿಲ್ಲ. ದನಗಳನ್ನು ಹುಲ್ಲುಗಾವಲಿಗೆ ಬಿಟ್ಟೆವು. ಕೆಲವೇ ವಾರಗಳಲ್ಲಿ ಜ್ವರ ಬಂತು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತು. ಹುಳ ಕಚ್ಚಿದಾಗ ರಕ್ತಕ್ಕೆ ಇಳಿಯುವ ರೋಗ ಅದು. ಎಳೆಗರುವಾಗಿದ್ದಾಗಲೇ ಕಚ್ಚಿಸಿಕೊಂಡ ದನ ಹೆಚ್ಚಾಗಿ ತಾಳಿಕೊಳ್ಳುತ್ತದೆ. ನಮ್ಮವು ಬೆಳೆದ ಮೇಲೆ ಮೊದಲ ಸಲ ಕಚ್ಚಿಸಿಕೊಂಡವು. ಗುಂಡಿ ತೋಡಿ ತೋಡಿ ನನ್ನ ತೋಳುಗಳು ಸೋತಿವೆ. ಹೆದರಿದ ಊರಿನವರು ಹುಲ್ಲುಗಾವಲಿಗೇ ಬೆಂಕಿ ಹಾಕಿದರು. ಹುಲ್ಲಿನ ಜೊತೆ ಹುಳವೂ ಮತ್ತೆ ಬರುತ್ತದೆ, ಆದರೆ ಅಷ್ಟರಲ್ಲಿ ನನಗೆ ಉಳಿದಿರುವ ಒಂದೇ ಕರು, ಕೌಲಿ, ಬೆಳೆದು ಹಸುವಾಗಿರುತ್ತದೆ.

ಹಾಗಾಗಿ ಕೌಲಿಗೆ ಈಗಲೇ ಕಚ್ಚಿಸಬೇಕೆಂದು ನೆರೆಯೂರಿನ ಬೋರಜ್ಜಿಯ ಹಟ್ಟಿಗೆ ಹೋದೆ. ಅವಳ ದನಗಳು ಎಂದೂ ಬಯಲು ಬಿಟ್ಟವಲ್ಲ, ಹುಳ ಕಚ್ಚಿಸಿಕೊಂಡೇ ಬೆಳೆದವು.

"ಹೆಣ್ಣು ಕೇಳ್ಕೊಂಡು ಬಂದೋರ್ನ ಕಂಡಿದೀನಿ. ಉಣ್ಣೆಹುಳ ಕೇಳ್ಕೊಂಡು ಬಂದೋಳು ನೀನೇ ಮೊದಲು ಕಣವ್ವ," ಎಂದಳು.

"ಇದ್ರೆ ಕೊಡಜ್ಜಿ."

"ಕೊಡ್ತೀನಿ. ನಿಮ್ಮವ್ವ ನಮ್ಮ ದನ ಕಂಡ್ರೆ ಮೂಗು ಮುಚ್ಕೊಂಡು ಹೋಗ್ತಿದ್ಲು. ಅದನ್ನೂ ಜೊತೆಗೇ ಕಟ್ಕೊಂಡು ಹೋಗು."

ಡಬ್ಬಿಯೊಂದರಲ್ಲಿ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಕೊಟ್ಟಳು. ರಾಗಿಕಾಳಿಗಿಂತ ಸಣ್ಣ ಮರಿಹುಳಗಳು. ಕೌಲಿಯ ಕಿವಿಗೆ ನಾನೇ ಹತ್ತಿಸಿದೆ.

ನಿಮ್ಮಲ್ಲಿ ಒಂದೇ ಕೋರಿಕೆ. ಹುಳಕ್ಕೆ ಔಷಧಿ ಹೊಡೆಯಬೇಡಿ ಎನ್ನುವುದಿಲ್ಲ. ಸಾಯುವ ದನವನ್ನು ಉಳಿಸಿಕೊಳ್ಳಲೇಬೇಕು. ಆದರೆ ಎಲ್ಲ ಹಿಂಡುಗಳನ್ನೂ ಒಳಗೆ ಕೂಡಿ ಬಾಗಿಲು ಹಾಕಬೇಡಿ. ಒಂದಾದರೂ ಬಯಲಲ್ಲಿ ಬೆಳೆಯಲಿ. ನಮಗೆ ಬೋರಜ್ಜಿ ಇದ್ದಳು. ನಮ್ಮ ನಂತರದವರಿಗೆ ಯಾರಿರುತ್ತಾರೋ ತಿಳಿಯದು.

ನಿನ್ನೆಯಿಂದ ಕೌಲಿಗೆ ಜ್ವರ. ಬರಲೆಂದೇ ಹತ್ತಿಸಿದ್ದು, ಆದರೂ ನೋಡಲಾಗುವುದಿಲ್ಲ. ಹಾಲು ಮುಟ್ಟಿಲ್ಲ. ಮೂತ್ರ ಇನ್ನೂ ತಿಳಿಯಾಗಿಯೇ ಇದೆ. ಇದನ್ನು ಬರೆಯುವಾಗ ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದೆ. ಕಿವಿಯಂಚಿನಲ್ಲಿ ಹುಳವೊಂದು ರಕ್ತ ಕುಡಿದು ಉಬ್ಬಿದೆ. ಕಿತ್ತು ಹಾಕಲು ಕೈ ತಾನಾಗಿ ಹೋಗುತ್ತದೆ. ಹಿಂದಕ್ಕೆ ಎಳೆದುಕೊಂಡು ಮತ್ತೆ ಬರೆಯತೊಡಗುತ್ತೇನೆ.