ಅತ್ತೆ ಬಿಟ್ಟ ಮುದ್ದೆ

ಜುಲೈ 8, ಸೋಮವಾರ

ಕೂಡಿಗೆ ಶಾಲೆಯ ಟೀಚರ ಬ್ಲೌಸಿಗೆ ಹುಕ್ ಹಾಕುವುದು ಬಾಕಿ. ಇವತ್ತೂ ಆಗಲಿಲ್ಲ. ಮೈಸೂರಿಗೆ ಹೋಗಿದ್ದೆವು, ಐದನೇ ತಿಂಗಳ ಸ್ಕ್ಯಾನಿಂಗಿಗೆ. ಕುಶಾಲನಗರದಲ್ಲಿ ‘ಹೃದಯದ ಹತ್ತಿರ ಏನೋ ಇದೆ, ದೊಡ್ಡ ಮೆಷಿನ್‌ನಲ್ಲಿ ನೋಡಿಸಿ’ ಅಂದಿದ್ದರು.

ಡಾಕ್ಟರ್ ಚಿತ್ರ ಬರೆದು ತೋರಿಸಿದರು. ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಕೊಡೆ ಹಿಡಿಯ ಹಾಗೆ ಬಾಗುತ್ತದೆ. ಆ ಬಾಗಿನಿಂದ ತಲೆಗೆ, ಕೈಗಳಿಗೆ ಕವಲು. ಬಲಗೈಯದು ಮೊದಲು ಹುಟ್ಟಬೇಕಂತೆ. ನಮ್ಮ ಮಗುವಿನಲ್ಲಿ ಕೊನೆಗೆ ಹುಟ್ಟಿದೆ, ಅದೂ ಎಡಗಡೆ. ಅಲ್ಲಿಂದ ಅನ್ನನಾಳದ ಹಿಂದೆ ತೂರಿಕೊಂಡು ಬಲಗೈಗೆ ಬರುತ್ತದೆ.

‘ಕಾಯಿಲೆನಾ ಮೇಡಂ?’

‘ಅಲ್ಲಮ್ಮ, ವ್ಯತ್ಯಾಸ ಅಷ್ಟೆ. ಎಷ್ಟೋ ಜನ ಗೊತ್ತೇ ಇಲ್ಲದೆ ಬದುಕ್ತಾರೆ. ಆದ್ರೆ ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಇದು ಸ್ವಲ್ಪ ಜಾಸ್ತಿ ಕಾಣುತ್ತೆ. ಅವರ ಬುದ್ಧಿ ಬೆಳವಣಿಗೆ ನಿಧಾನ ಇರುತ್ತೆ. ಹೊಟ್ಟೆಗೆ ಸೂಜಿ ಹಾಕಿ, ಮಗು ಸುತ್ತ ಇರೋ ನೀರು ತೆಗೆದು ಟೆಸ್ಟ್ ಮಾಡಬಹುದು. ಸೂಜಿಯಿಂದ ಗರ್ಭ ಹೋಗೋ ಅಪಾಯ ಕಮ್ಮಿ. ಇಲ್ಲವೇ ಇಲ್ಲ ಅನ್ನಲ್ಲ. ಬೇಗ ಯೋಚ್ನೆ ಮಾಡಿ ಹೇಳಿ.’

ಕಾಯಿಲೆ ಅಲ್ಲ, ಆದ್ರೆ... ಈ ‘ಆದ್ರೆ’ಯನ್ನು ಇಟ್ಟುಕೊಂಡು ನಾನೇನು ಮಾಡಲಿ? ಹೋದ ವರ್ಷ ಒಂದು ಹೋಯಿತು, ಮೂರನೇ ತಿಂಗಳಿಗೇ. ಮತ್ತೆ ಸೂಜಿಯಿಂದ ನಾನೇ ಕಳೆದುಕೊಂಡರೆ? ಗಂಡ ಅನ್ನಿಸಿಕೊಂಡ ಧರ್ಮೇಂದ್ರ ಮೈಸೂರಿಂದ ಪಿಕಪ್ ಓಡಿಸಿಕೊಂಡು ಬಂದರು. ಬೈಲಕುಪ್ಪೆ ಹತ್ತಿರ ‘ನೀನ್ ಹೇಳ್ದಂಗೆ’ ಅಂದರು. ಹೇಳೋಕೆ ನನಗೇನು ಗೊತ್ತು ಮಣ್ಣು!

ಜುಲೈ 9, ಸಂಜೆ

ಅತ್ತೆಗೆ ಹೇಳಿದೆ. ಮುದ್ದೆ ತಿರುವುತ್ತಿದ್ದರು. ಚಿತ್ರ ತೋರಿಸಿ, ಬ್ಲೌಸಿನ ತೋಳನ್ನು ತಪ್ಪು ಕಡೆ ಜೋಡಿಸಿದ ಹಾಗೆ, ಆದರೆ ಬಿಚ್ಚಿ ಹೊಲಿಯುವಂತಿಲ್ಲ ಅಂದೆ. ‘ಅನ್ನ ಇಳಿಯೋ ಕೊಳವೆ ಹಿಂದ್ಗಡೆನಾ?’ ಅಂತ ಕೇಳಿದರು. ಹೌದು, ದೊಡ್ಡವರಾದ ಮೇಲೆ ಕೆಲವರಿಗೆ ನುಂಗುವುದು ಕಷ್ಟವಾಗುತ್ತದಂತೆ ಅಂದೆ. ಅತ್ತೆಯ ಕೈ ನಿಂತುಹೋಯಿತು. ಮುದ್ದೆ ಗಂಟುಗಂಟಾಯಿತು. ನಾನು ಈ ಮನೆಗೆ ಬಂದ ಮೂರು ವರ್ಷದಲ್ಲಿ ಇದೇ ಮೊದಲು.

ಧರ್ಮೇಂದ್ರ ತಟ್ಟೆ ನೋಡಿ, ‘ತಿನ್ದೆ ಇರೋರ್ ಕೈಲಿ ಮಾಡ್ಸಿದ್ರೆ ಹಿಂಗೇಯ’ ಅಂತ ತಮಾಷೆ ಮಾಡಿದರು. ಅತ್ತೆ ಮುದ್ದೆ ಮುಟ್ಟುವುದಿಲ್ಲ. ಗಂಡುಮಗು ಆದರೆ ಮುದ್ದೆ ಬಿಡುತ್ತೇನೆ ಅಂತ ಹರಕೆ ಹೊತ್ತಿದ್ದರಂತೆ. ಅವ್ವ ನನಗೋಸ್ಕರ ಮುದ್ದೆ ಬಿಟ್ಟಳು ಅಂತ ಧರ್ಮೇಂದ್ರ ಎಲ್ಲರೆದುರೂ ಹೇಳಿ ಮೆರೆಯುತ್ತಾರೆ. ಅತ್ತೆ ಎಲ್ಲರದೂ ಆದ ಮೇಲೆ ಒಲೆ ಕಡೆ ತಿರುಗಿ ಅಂಬಲಿ ಕುಡಿಯುತ್ತಾರೆ.

ಜುಲೈ 11

ನಾನು ಬಟ್ಟೆ ಕತ್ತರಿಸುತ್ತಿದ್ದೆ. ಅತ್ತೆ ಬಂದು ನೆಲದ ಮೇಲೆ ಕೂತರು.

‘ಹರಕೆಯೂ ಇಲ್ಲ, ಮಣ್ಣೂ ಇಲ್ಲ ಕಣವ್ವ. ನಂಗೆ ಮುದ್ದೆ ಇಳೀತಿರ್ಲಿಲ್ಲ. ಎದೆ ಹತ್ರ ಬಂದು ನಿಂತ್ಬಿಡೋದು. ಚಿಕ್ಕೋಳಿಂದಾನೂ ಹಂಗೇಯ. ಮದ್ವೆ ಆಗ್ ಬಂದಾಗ ನಮ್ಮತ್ತೆ, ಮುದ್ದೆ ನುಂಗಕ್ ಬರ್ದಿರೋ ಸೊಸೆ ಏನ್ ದುಡಿದಾಳು ಅಂತ ಎಲ್ರ ಮುಂದೂ ಆಡ್ಕೊಂಡ್ರು. ಧರ್ಮ ಹುಟ್ಟಿದ್ಮೇಲೆ ಹರಕೆ ಅಂದೆ. ಅವತ್ತಿಂದ ಯಾರೂ ಕೇಳ್ಲಿಲ್ಲ.’

ನನಗೆ ನಗು ಬಂತು. ಆಮೇಲೆ ಅಳು ಬಂತು. ಆಮೇಲೆ — ಹೇಳೋಕೆ ನಾಚಿಕೆ — ಖುಷಿ ಬಂತು. ಅತ್ತೆಗೂ ಅದೇ ಇದ್ದರೆ? ಇಂಥ ಚುರುಕು ಹೆಂಗಸು! ಮಗು ಇವರ ಹಾಗೆ ಅಷ್ಟೇ ಇರಬಹುದಲ್ಲ?

ಧರ್ಮೇಂದ್ರರಿಗೆ ಹೇಳಿದೆವು. ‘ಹಂಗಾರೆ ನಂಗೋಸ್ಕರ ಅಲ್ವಾ?’ ಅಂದು, ಊಟ ಬಿಟ್ಟು ಶುಂಠಿ ಹೊಲದ ಕಡೆ ಹೋದರು. ಮೂವತ್ತು ದಾಟಿದ ಗಂಡಸು!

ಜುಲೈ 15

ಅತ್ತೆಗೆ ಸಿ.ಟಿ. ಸ್ಕ್ಯಾನ್ ಆಯಿತು. ಅದೇ. ಬಲಗೈ ನಾಳ, ಅನ್ನನಾಳದ ಹಿಂದೆ. ಅತ್ತೆ ಫಿಲ್ಮನ್ನು ಬೆಳಕಿಗೆ ಹಿಡಿದು ‘ನನ್ ಕೊಬ್ಬಲ್ಲ ಅಂತಾಯ್ತಲ್ಲ’ ಅಂದರು. ಆಪರೇಶನ್ ಬೇಕಿಲ್ಲ, ಸಣ್ಣ ತುತ್ತು, ನಿಧಾನ, ಮಧ್ಯೆ ನೀರು ಅಂದರು ಡಾಕ್ಟರ್.

ನಾನು ಆಸೆಯಿಂದ ಕೇಳಿದೆ. ‘ಹಂಗಾದ್ರೆ ಮಗುಗೂ ಬರೀ ಇದೇ ತಾನೆ ಮೇಡಂ?’

‘ಇರಬಹುದು. ಕಾಕತಾಳೀಯವೂ ಇರಬಹುದು. ಇದರಿಂದ ಮಗುಗೆ ಡೌನ್ ಇಲ್ಲ ಅಂತ ಹೇಳೋಕಾಗಲ್ಲಮ್ಮ.’

ಎಲ್ಲಿದ್ದೆನೋ ಅಲ್ಲಿಗೇ ಬಂದೆ. ಇನ್ನೂ ಗೋಜಲು. ರಾತ್ರಿಗೊಂದು ಮನಸ್ಸು, ಬೆಳಿಗ್ಗೆಗೊಂದು ಮನಸ್ಸು.

ಜುಲೈ 18

ನಿನ್ನೆ ಸೂಜಿ ಹಾಕಿಸಿಕೊಂಡೆ. ಗೊತ್ತಿಲ್ಲದೆ ನಾಲ್ಕು ತಿಂಗಳು ಕಳೆಯುವುದು ನನ್ನ ಕೈಲಾಗದು. ಹೋಗುವ ಮೊದಲು ಅತ್ತೆ ಕೇಳಿದರು: ‘ಅದೇ ಅಂತ ಬಂದ್ರೆ ಏನ್ ಮಾಡೀಯೆ?’ ಟೆಸ್ಟ್ ಮಾಡಿಸಲೋ ಬೇಡವೋ ಅಂತ ಒದ್ದಾಡಿದೆನೇ ಹೊರತು ಇದನ್ನು ಯೋಚಿಸಿಯೇ ಇರಲಿಲ್ಲ. ನಾನೆಂಥ ಪೆದ್ದಿ! ಇಲ್ಲ... ಹೆದರಿಕೆ.

ಹೊಲಿಗೆ ಮಿಷನ್ ತುಳಿಯುವ ಹಾಗಿಲ್ಲ. ಹೊಟ್ಟೆ ಹಿಡಿದುಕೊಂಡು ಮಲಗಿದ್ದೇನೆ. ಇರು ಮಗು, ಹೋಗಬೇಡ.

ಜುಲೈ 26

ಇದೆ. ಮಗು ಒದೆಯುತ್ತಿದೆ.

ಆಗಸ್ಟ್ 1, ಮಧ್ಯಾಹ್ನ

ಇವತ್ತು ರಿಸಲ್ಟ್ ಹೇಳುತ್ತೇವೆ ಅಂದಿದ್ದರು. ಬೆಳಿಗ್ಗೆಯಿಂದ ಫೋನೇ ನೋಡುತ್ತಿದ್ದೆ.

ಊಟಕ್ಕೆ ಧರ್ಮೇಂದ್ರ ಮೂರು ತಟ್ಟೆ ಇಟ್ಟರು. ಮೂರು ವಾರದಿಂದ ಅವ್ವನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ. ‘ಬಾ ಅವ್ವ, ಜೊತೇಲೇ ಉಣ್ಣು’ ಅಂದರು. ಅತ್ತೆ ನೆಲ್ಲಿಕಾಯಿ ಗಾತ್ರದ ಮುದ್ದೆ ಕಟ್ಟಿಕೊಂಡರು. ಅದರಲ್ಲೂ ಚಿವುಟಿ, ಉಪ್ಸಾರಿನಲ್ಲಿ ಅದ್ದಿ, ನುಂಗಿ, ಒಂದು ಗುಟುಕು ನೀರು. ಮತ್ತೆ ಚಿವುಟಿ... ಈ ಮನೆಯಲ್ಲಿ ಅವರು ಉಣ್ಣುವುದನ್ನು ನಾನು ಮೊದಲ ಸಲ ನೋಡಿದ್ದು.

ಆಗಲೇ ಫೋನ್ ಬಂತು. ಮೈಸೂರಿನದು. ಇವರು ಧಡಕ್ಕನೆ ಎದ್ದರು. ಅತ್ತೆ ಗಾಬರಿಯಿಂದ ತುತ್ತು ಗಬಗಬನೆ ಬಾಯಿಗಿಡಲು ಹೋದರು. ‘ಕೂತ್ಕೊಳ್ರೀ, ಅತ್ತೇದು ಇನ್ನೂ ಆಗಿಲ್ಲ’ ಅಂದೆ. ನನ್ನ ಬಾಯಲ್ಲಿ ಹೇಗೆ ಬಂತೋ! ಕೂತರು. ಫೋನ್ ಹೊಡೆದುಕೊಂಡು ನಿಂತಿತು. ಯಾರೂ ಏಳಲಿಲ್ಲ.

ಅತ್ತೆ ತಟ್ಟೆ ನೋಡುತ್ತಲೇ ಹೇಳಿದರು: ‘ಉಣ್ಣದ್ರಾಗೆ ನಿಧಾನ ಆಗ್ಲಿ, ಬುದ್ಧಿಲಿ ನಿಧಾನ ಆಗ್ಲಿ... ಕಾಯಾಕೆ ನಾನಿದೀನಿ ಮಗ.’

ಆಮೇಲೆ ಇನ್ನೊಂದು ಚೂರು ಚಿವುಟಿದರು.

ಈಗ ಕೈ ತೊಳೆದು ಕೂತಿದ್ದೇನೆ. ಇವರು ಆ ನಂಬರಿಗೆ ಒತ್ತಿ ಸ್ಪೀಕರ್ ಹಾಕಿದ್ದಾರೆ. ಅತ್ತೆ ನನ್ನ ಪಕ್ಕ. ಬರೆಯುತ್ತಿದ್ದರೆ ಸ್ವಲ್ಪ ಧೈರ್ಯ. ರಿಂಗ್ ಆಗುತ್ತಿದೆ. ಎತ್ತಿದರು. ನನ್ನ ಹೆಸರು ಕೇಳುತ್ತಿದ್ದಾರೆ... ಹೂಂ, ತುಳಸಿ, ನಾನೇ —