ಚಕ್ರವರ್ತಿಯ ಅತಿಥಿ

ಓಕ್ ಬ್ರೂಕ್, ಶಿಕಾಗೋ
ಅಕ್ಟೋಬರ್ 19, 2003

ಪ್ರಿಯ ರೇಣು,

ಹೇಗಿದ್ದೀಯ? ನಿನ್ನ ಪುಸ್ತಕ ಬಿಡುಗಡೆಯಾಗಿ ಐದು ವಾರವಾದರೂ ಒಂದು ಸಾಲು ಬರೆಯಲಿಲ್ಲ, ಕ್ಷಮಿಸು. ಫೋನಿನಲ್ಲಿ ನೆಗಡಿ, ಆಫೀಸು ಎಂದೆಲ್ಲ ಹೇಳಿದ್ದು ಸುಳ್ಳು. ಹೊಟ್ಟೆಕಿಚ್ಚು ಬರೆಯಲು ಬಿಡಲಿಲ್ಲ.

ಹೋಲ್ಟ್ಸರ್‌ನನ್ನು ಮೊದಲು ಕಂಡವಳು ನಾನು. ಇಲ್ಲಿನ ಲೈಬ್ರರಿಯವರು ಹಳೆಯ ಪುಸ್ತಕಗಳನ್ನು ಮಾರುವಾಗ ಅವನ ಜರ್ಮನ್ ಪ್ರವಾಸಕಥನ ಸಿಕ್ಕಿದ್ದು ನನಗೆ. ಚಕ್ರವರ್ತಿಗಳ ಕಾಲದ ಆಸ್ಟ್ರಿಯಾದ ದರ್ಜಿಯೊಬ್ಬನ ಮಗ. ವಿಯೆನ್ನಾದ ಪತ್ರಿಕೆಯಲ್ಲಿ ಬರೆದದ್ದಕ್ಕೆ ಜೈಲು ಸೇರಿ, ಹೊರಬಂದ ಮೇಲೆ ಹಡಗು ಹತ್ತಿ, ಶಿಕಾಗೋದ ಕೆಸರು ಬೀದಿಗಳಿಂದ ನಮ್ಮ ಶ್ರೀರಂಗಪಟ್ಟಣದವರೆಗೆ ಅಲೆದವನು. ಬೆಂಗಳೂರಿನಲ್ಲಿ ಕಲಿತ ಜರ್ಮನ್ ನಂಬಿಕೊಂಡು ಆರು ವರ್ಷ ಅವನನ್ನು ಕನ್ನಡಕ್ಕೆ ತರುತ್ತ ಕೂತೆ. ನೂರ ಹತ್ತನೇ ಪುಟದಲ್ಲೇ ನಿಂತೆ. ನೀನು ಅದೇ ಪುಸ್ತಕ ಒಯ್ದು, ಡಿಕ್ಷನರಿ ಹಿಡಿದು, ಒಂದೇ ಚಳಿಗಾಲದಲ್ಲಿ ಅವನ ಜೀವನಚರಿತ್ರೆ ಬರೆದುಬಿಟ್ಟೆ.

"ನಾ ಬರದ್ರ ನಿನಗ ಬ್ಯಾಸರಿಲ್ಲೇನು?" ಎಂದು ನೀನು ಕೇಳಿದ್ದು ನಿಜ. "ಬರಿಯೇ, ಅವನೇನು ನಮ್ಮಪ್ಪನ ಆಸ್ತಿನಾ?" ಎಂದು ನಾನು ನಕ್ಕದ್ದೂ ನಿಜ. ಆ ನಗು ಮಾತ್ರ ನಿಜವಲ್ಲ.

ಜೂನ್‌ನಲ್ಲಿ ನೀನು ತಿದ್ದಲು ಕಳಿಸಿದ ಪ್ರತಿಯಲ್ಲಿ, ಹೋಲ್ಟ್ಸರ್ ಹನ್ನೊಂದು ತಿಂಗಳು ಚಕ್ರವರ್ತಿಯ ಅತಿಥಿಯಾಗಿ ಅರಮನೆಯಲ್ಲಿದ್ದ ಎಂದಿತ್ತು. ಅವನು ಜೈಲುವಾಸವನ್ನೇ ತಮಾಷೆಗೆ ಹಾಗೆ ಕರೆದದ್ದು ನಿನಗೆ ಹೊಳೆದಿರಲಿಲ್ಲ. ನಾನು ನೋಡಿದೆ, ಪೆನ್ಸಿಲ್ ಎತ್ತಿದೆ, ಕೆಳಗಿಟ್ಟೆ. "ಎಲ್ಲ ಸರಿಯಾಗಿದೆ" ಎಂದು ಬರೆದು ಅಂಚೆಗೆ ಹಾಕಿದೆ.

ನೋವೈ ಊರಿನಲ್ಲಿ ನಡೆದ ಬಿಡುಗಡೆ ಸಭೆಯಲ್ಲಿ ನೀನು ಆ ಸಾಲನ್ನು ಜರ್ಮನ್‌ನಲ್ಲೂ ಓದಿದೆ. ಜರ್ಮನಿಯಲ್ಲಿ ಹತ್ತು ವರ್ಷ ಇದ್ದು ಬಂದ ಚಂದ್ರಮೌಳಿ ಅಂಕಲ್ ಎದ್ದು, "ಅದು ತಮಾಷೆಗೆ ಹೇಳಿದ್ದು ಕಣಮ್ಮ. ಅರಮನೆ ಅಲ್ಲ, ಜೈಲು!" ಎಂದರು. ಜನ ನಕ್ಕರು. ನಿನ್ನ ಮುಖ ಕೆಂಪಾಯಿತು. ಮೂರನೇ ಸಾಲಿನಲ್ಲಿ ಕೂತಿದ್ದ ನನಗೆ ಖುಷಿಯಾಯಿತು, ರೇಣು. ನಿನ್ನ ಕಣ್ಣು ನನ್ನನ್ನು ಹುಡುಕಿದಾಗ ನಾನು ತಲೆ ತಗ್ಗಿಸಿ ಬ್ಯಾಗಿನಲ್ಲಿ ಏನೋ ತಡಕಾಡಿದೆ.

"ತಪ್ಪು ನಂದರೀ, ಅಂಕಲ್," ಎಂದೆ ನೀನು. "ಷಹನಾಜ್ ಸರಿ ಮಾಡಿ ಕೊಟ್ಟಿದ್ಳು. ಆಮ್ಯಾಲೆ ನಾನ ಕೆಡಿಸೀನಿ."

ತಿದ್ದದೆ ಬಿಟ್ಟವಳು ನಾನೆಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಾನ ಉಳಿಸಿದೆ. ಅದಕ್ಕೂ ಹೊಟ್ಟೆ ಉರಿಯಿತು ಎಂದರೆ ನಂಬುತ್ತೀಯಾ? ನಿನ್ನ ಜಾಗದಲ್ಲಿ ನಾನಿದ್ದರೆ ಖಂಡಿತ ಹಾಗೆ ಹೇಳುತ್ತಿರಲಿಲ್ಲ.

ನನ್ನ ನೂರ ಹತ್ತು ಪುಟಗಳನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಜೈಲಿನ ಅಧ್ಯಾಯ ಅದರಲ್ಲಿ ಪೂರ್ತಿಯಿದೆ. ಎರಡನೇ ಮುದ್ರಣಕ್ಕೆ ಬಳಸಿಕೋ. ನನ್ನ ಹೆಸರು ಬೇಡ ಎನ್ನುವಷ್ಟು ದೊಡ್ಡವಳಲ್ಲ ನಾನು, ಹಾಕು.

ನಿಮ್ಮ ಯಜಮಾನರಿಗೆ ನನ್ನದೂ ನಮ್ಮ ಮನೆಯವರದೂ ಸಲಾಮ್. ನಿನ್ನ ಕೈ ಇನ್ನೂ ಹತ್ತು ಪುಸ್ತಕ ಬರೆಯಲಿ.

ನಿನ್ನ
ಷಹನಾಜ್

ಮತ್ತೊಂದು ಮಾತು: ನನ್ನ ಮಗಳು ಅಲಿಯಾ ಪ್ರತಿ ಭಾನುವಾರ ನಿನಗೆ ಫೋನ್ ಮಾಡಿ ಕನ್ನಡ ಓದಲು ಕಲಿಯುತ್ತಿದ್ದಾಳೆಂದು ಮೊನ್ನೆ ಗೊತ್ತಾಯಿತು. ದಯವಿಟ್ಟು ನಿಲ್ಲಿಸಬೇಡ. ಎಂಟು ವರ್ಷದವಳಿದ್ದಾಗ ನನ್ನ ಮೇಜಿನ ಹತ್ತಿರ ಬಂದು, "ಅಮ್ಮಿ, ಟೀಚ್ ಮಿ ದೋಸ್ ಲೆಟರ್ಸ್" ಎಂದಿದ್ದಳು. "ಈ ಪುಟ ಮುಗೀಲಿ, ತಡಿ" ಎಂದು ಬಾಗಿಲು ಹಾಕಿಕೊಂಡೆ. ಅವಳು ಮತ್ತೆ ಕೇಳಲೇ ಇಲ್ಲ.