ಕಿಟಕಿ ಮುಚ್ಚಿದ ಗುರೂಜಿ

ಸೋಲಾಪುರ
೧೮ ಜೂನ್ ೧೯೯೮

ಮುದ್ದಿನ ಹೇಮಾ,

ಹೇಗಿದ್ದೀಯ? ಪಾಳಿ ಮುಗಿಸಿ ಬಂದಾಗ ಕಾಲು ಊದಿಕೊಂಡಿರುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಕೂತಾಗ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೋ. ನರ್ಸು ನೀನು, ಬುದ್ಧಿ ಹೇಳುವವಳು ನಾನು. ನನ್ನ ಆರೋಗ್ಯ ಚೆನ್ನಾಗಿದೆ. ಅಪ್ಪನ ಬಗ್ಗೆ ಹಾಗೆ ಬರೆಯಲಾರೆ. ನಾಲ್ಕು ದಿನದಿಂದ ಅರ್ಧ ಜೋಳದ ಭಾಕರಿಗೇ ಊಟ ಬಿಟ್ಟು ಏಳುತ್ತಾರೆ.

ಹತ್ತನೆಯ ತರಗತಿಯ ಫಲಿತಾಂಶ ಬಂತು. ಅಪ್ಪನ ಶಾಲೆಯ ಮೂವತ್ತೊಂದು ಮಕ್ಕಳಲ್ಲಿ ಪಾಸಾದವರು ಒಂಬತ್ತೇ ಮಂದಿ. ಉಳಿದವರೆಲ್ಲ ಬಿದ್ದದ್ದು ಗಣಿತದಲ್ಲಿ, ಅಪ್ಪನ ವಿಷಯದಲ್ಲಿ. ನೀನಿದ್ದಾಗ ಮಾಡುತ್ತಿದ್ದಂತೆ ಈ ವರ್ಷವೂ ಬೀಡಿ ಕಟ್ಟುವ ಮನೆಮನೆಗೆ ಹೋಗಿ, ಎಲೆ ಕತ್ತರಿಸುವ ಹುಡುಗಿಯರ ಎದುರು ನೆಲದ ಮೇಲೆ ಕೂತು ಲೆಕ್ಕ ಹೇಳಿಕೊಟ್ಟರು. ಆದರೆ ಎಂಟು, ಒಂಬತ್ತರಲ್ಲಿ ಆ ಮಕ್ಕಳಿಗೆ ಗಣಿತದ ಮೇಷ್ಟರೇ ಇರಲಿಲ್ಲ. ಒಂದು ವರ್ಷದಲ್ಲಿ ಎಷ್ಟು ತುಂಬಿಸಲಾದೀತು?

ಮೊದಲೆಲ್ಲ ಹೇಗೆ ಪಾಸಾಗುತ್ತಿದ್ದರು ಎಂಬುದು ಓಣಿಗೆಲ್ಲ ಗೊತ್ತು. ಪರೀಕ್ಷೆಯ ಕೋಣೆಯ ಕಿಟಕಿಯಿಂದ ಉತ್ತರದ ಚೀಟಿಗಳು ಬರುತ್ತಿದ್ದವು, ಕಾಯುವ ಮೇಷ್ಟರುಗಳು ಆಚೆ ಮುಖ ಮಾಡಿ ನಿಲ್ಲುತ್ತಿದ್ದರು. ಈ ಸಲ ಗಣಿತದ ದಿನ ಮಕ್ಕಳಿಗೆ ನೀರು ಕೊಡಲು ಆಳಿಲ್ಲವೆಂದು ಅಪ್ಪನನ್ನು ಕರೆದಿದ್ದರು. ಒಳಗೆ ಹೋದವರೇ ಕಿಟಕಿಗಳಿಗೆ ಚಿಲಕ ಹಾಕಿ, ಪರೀಕ್ಷೆಯ ಮೂರು ತಾಸೂ ಅಲ್ಲೇ ಇದ್ದರು.

ಹೆಡ್‌ಮಾಸ್ತರ್ ಮಾಡೂರ್ ಮನೆಗೇ ಬಂದರು. "ಫಲಿತಾಂಶ ಹಿಂಗ ಬಿದ್ರ ಅನುದಾನ ನಿಲ್ತದ, ಸಾಲಿ ಬಾಗಲಾ ಮುಚ್ತದ. ಆಮ್ಯಾಲ ಈ ಹುಡುಗ್ಯಾರು ಎಲ್ಲಿ ಹೋಗ್ಬೇಕ್ರಿ?" ಎಂದರು. ಮರುದಿನ ಫೇಲಾದ ಪದ್ಮಾಳ ತಾಯಿ ನರಸೂಬಾಯಿ ಹೊಸ್ತಿಲ ಮೇಲೆ ನಿಂತಳು. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

"ಗುರೂಜಿ, ಎಲ್ಲಾರ ಮಕ್ಕಳೂ ಚೀಟಿ ನೋಡೇ ದಾಟ್ಯಾವ. ನನ್ನ ಮಗಳ ಪಾಳಿ ಬಂದಾಗ ನಿಮಗ ನ್ಯಾಯ ನೆನಪಾತೇನು?"

"ಅಕ್ಟೋಬರಿಗೆ ಮತ್ತ ಪರೀಕ್ಷಾ ಅದ, ಅಕ್ಕಾ. ನಾಳಿಂದ ಅಕಿನ್ನ ಕಳಸು, ನಾ ಕಲಸ್ತೀನಿ."

"ನಾಳಿಂದ ಅಕಿ ಎಲಿ ಕತ್ತರಸ್ತಾಳ," ಎಂದು ಹೊರಟುಹೋದಳು.

ಅಂದಿನಿಂದ ಅಪ್ಪ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಫೇಲಾದ ಮಕ್ಕಳಿಗಾಗಿ ಕಾಯುತ್ತಾರೆ. ಮೊದಲ ದಿನ ಇಬ್ಬರು ಬಂದರು, ಇವತ್ತು ಐವರು. ಪದ್ಮಾ ಬಂದಿಲ್ಲ. ಪಾಸಾದ ಅನಸೂಯಾ ಪೇಢೆ ತಂದಿದ್ದಳು. ಗಣಿತದಲ್ಲಿ ಪಾಸಿಗೆ ಬೇಕಾದ ಮೂವತ್ತೈದೇ ಅಂಕ, ಒಂದೂ ಹೆಚ್ಚಿಲ್ಲ. ಮುಂದೆ ಓದಿ ಹೇಮಕ್ಕನ ಹಾಗೆ ನರ್ಸ್ ಆಗುತ್ತಾಳಂತೆ. ಅಪ್ಪ ಪೇಢೆ ಮುಟ್ಟದೆ ಎದ್ದು ಒಳಗೆ ಹೋದರು. ಹುಡುಗಿಯ ಮುಖ ಸಣ್ಣದಾಯಿತು. ನನಗೂ ಸಿಟ್ಟು ಬಂತು.

ಹೊತ್ತುಹೊತ್ತಿಗೆ ಉಣ್ಣು, ಮಗಳೇ. ನಿನ್ನ ಕೈಯಿಂದ ರೋಗಿಗಳಿಗೆಲ್ಲ ಗುಣವಾಗಲಿ.

ನಿನ್ನ ಅಮ್ಮ,
ಸುಗಂಧಾ

ಮತ್ತೊಂದು ಮಾತು: ಇಷ್ಟು ಬರೆದು ಮುಗಿಸುವಾಗ ಅಪ್ಪ ಬಂದು ಕೂತು ಹೇಳಿದರು. ಗಣಿತ ಪರೀಕ್ಷೆಯ ದಿನ ಅನಸೂಯಾಗೆ ನೀರಿನ ಲೋಟ ಕೊಡುವಾಗ, ಅವಳ ಲೆಕ್ಕದ ತಪ್ಪು ಸಾಲಿನ ಮೇಲೆ ಬೆರಳಿಟ್ಟರಂತೆ. ಅವಳು ತಿದ್ದಿಕೊಂಡಳಂತೆ. "ಉಳದವ್ರ ಕಿಟಕಿ ಮುಚ್ಚಿದವ ನಾನಽ," ಎಂದರು. ಅದನ್ನೆಲ್ಲ ಪರೀಕ್ಷಾ ಬೋರ್ಡಿಗೆ ಬರೆದು, ನಿನ್ನ ಕಾಗದದ ಜೊತೆ ಅಂಚೆಗೆ ಹಾಕೆಂದು ಲಕೋಟೆ ಕೊಟ್ಟಿದ್ದಾರೆ. ಅದು ಹೋದರೆ ಅವರ ಕೆಲಸವೂ ಹೋಗುತ್ತದೆ, ಆ ಹುಡುಗಿಯ ಪಾಸೂ ಹೋಗುತ್ತದೆ. ನಿನ್ನದನ್ನು ಮಾತ್ರ ಹಾಕುತ್ತೇನೆ. ಎರಡೂ ಹಾಕಿದೆ ಎಂದು ಅವರಿಗೆ ಹೇಳುತ್ತೇನೆ. ರಜೆ ಸಿಕ್ಕ ಕೂಡಲೇ ಬಾ. ಅವರ ಮುಖ ನೋಡಿಕೊಂಡು ಬಹಳ ದಿನ ಸುಳ್ಳು ಹೇಳಲು ನನ್ನಿಂದಾಗದು.